ಪ್ರಶ್ನೆ ಇಡುವ ಮೊದಲು ಅಜ್ಜಿಯನ್ನು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಇತಿಹಾಸ ಓದಿದವನಲ್ಲ. ಉಡುಪಿಯಲ್ಲಿ ಮೂವತ್ತೆಂಟು ವರ್ಷ ದಸ್ತಾವೇಜು ಬರೆದವನು. ಕ್ರಯಪತ್ರ, ಪಾಲುಪಟ್ಟಿ, ವೀಲುನಾಮೆ ಇವೇ ನನ್ನ ಕಸುಬು. ಹೊಸತು ಬರೆಯಬೇಕಾದರೆ ಹಳೆಯದನ್ನು ಓದಬೇಕು. ಹಾಗೆ ಓದಿ ಓದಿ, ಯಾರ್ಯಾರದ್ದೋ ಮನೆಯ ಹಿರಿಯರ ಹೆಸರು ನನ್ನ ತಲೆಯಲ್ಲಿ ಕೂತಿದೆ. ಈಗ ಬರೆಯುವುದು ಬಿಟ್ಟಿದ್ದೇನೆ. ಆದರೂ ಜನ ಬರುತ್ತಾರೆ. ‘ನಮ್ಮ ಹಿರಿಯರು ಯಾರು, ಮೂಲ ಎಲ್ಲಿ, ಸ್ವಲ್ಪ ಹುಡುಕಿ ಕೊಡಿ’ ಎನ್ನುತ್ತಾರೆ.

ಬರುವವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ. ಹಾಳೆಯ ತುಂಬ ಗಂಡಸರು. ನಾನು ಕೇಳುತ್ತೇನೆ, ‘ಅಜ್ಜಿಯ ಹೆಸರು ಏನು?’ ‘ಅಜ್ಜಿ ಅಂತಲೇ ಕರೆಯುತ್ತಿದ್ದೆವು’ ಎನ್ನುತ್ತಾರೆ. ಸರಿ, ಅಜ್ಜಿಯ ಅಮ್ಮನ ಹೆಸರು? ಮುಖ ಮುಖ ನೋಡುತ್ತಾರೆ.

ಇವತ್ತು ನಾನು ಹೇಳಲಿಕ್ಕೆ ಬಂದಿರುವುದು ಇದೊಂದೇ ಮಾತು. ಅಜ್ಜಿಯ ಹೆಸರು ಕೇಳಿ. ಅಜ್ಜಿಯ ಅಮ್ಮನ ಹೆಸರು ಕೇಳಿ.

ಇದನ್ನು ಹೆಂಗಸರ ಮೇಲಿನ ಗೌರವಕ್ಕೆ ಹೇಳುತ್ತಿಲ್ಲ. ಗೌರವ ಇರಲಿ, ಅದು ಬೇರೆ. ನಮ್ಮ ಜಿಲ್ಲೆಯ ಕಾಗದಪತ್ರ ಇರುವುದೇ ಹಾಗೆ. ಇಲ್ಲಿ ಎಷ್ಟೋ ಕುಟುಂಬಗಳದ್ದು ಅಳಿಯಸಂತಾನ ಕಟ್ಟು, ಅಂದರೆ ತಾಯಿಯ ಸಾಲು ಹಿಡಿದು ನಡೆಯುವ ಪದ್ಧತಿ. ಬಂಟರು, ಬಿಲ್ಲವರು, ಮೊಗವೀರರು, ಇನ್ನೂ ಹಲವರು. ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ಬರುವುದು ತಾಯಿಯಿಂದ. ಆಸ್ತಿಯೂ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು. ಬಾರ್ಕೂರಿನ ಭೂತಾಳಪಾಂಡ್ಯನ ಕತೆ ನಿಮಗೆ ಗೊತ್ತು. ಬಲಿಗೆ ಹೆಂಡತಿ ತನ್ನ ಮಗನನ್ನು ಕೊಡಲಿಲ್ಲ, ತಂಗಿ ಕೊಟ್ಟಳು, ಹಾಗಾಗಿ ಅಳಿಯನಿಗೆ ಪಟ್ಟ. ಕತೆ ಹೇಗೂ ಇರಲಿ, ಕಟ್ಟು ಮಾತ್ರ ಕೋರ್ಟಿನಲ್ಲೂ ನಡೆಯಿತು. ನಾವು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ಅದಕ್ಕೆಂದೇ ಒಂದು ಕಾಯ್ದೆ ಬಂತು. ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದುವರೆಗೆ ಎಲ್ಲರೂ ಒಪ್ಪದೆ ಪಾಲು ಕೇಳುವ ಹಾಗಿರಲಿಲ್ಲ. ಆ ಮೇಲೆ ಕವರುಗಳು ಪಾಲು ಕೇಳಿದವು. ಕವರು ಅಂದರೆ ಲಕೋಟೆ ಅಲ್ಲ, ಮಕ್ಕಳೇ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಹೆಣ್ಣಿನ ಸಾಲಿನಲ್ಲಿ ಇಳಿಯುವ ಒಂದು ಗುಂಪು.

ಈಗ ಯೋಚನೆ ಮಾಡಿ. ಅಂತಹ ಮನೆಯ ಪಾಲುಪಟ್ಟಿಯಲ್ಲಿ ನಿಮ್ಮ ಮುತ್ತಜ್ಜನ ಹೆಸರು ಇರುತ್ತದೆ. ಅವರ ಅಕ್ಕತಂಗಿಯರ ಹೆಸರು ಇರುತ್ತದೆ. ಅವರ ಮಕ್ಕಳ ಹೆಸರು ಮಾತ್ರ ಇರುವುದಿಲ್ಲ! ಯಾಕೆಂದರೆ ಮಕ್ಕಳು ಹೆಂಡತಿಯ ಮನೆಯ ಕವರಿಗೆ ಸೇರಿದವರು. ಅಪ್ಪನ ಸಾಲು ಹಿಡಿದು ಹೋದರೆ ಪ್ರತಿ ತಲೆಮಾರಿಗೂ ಮನೆ ಬದಲಾಗುತ್ತದೆ, ದಾರಿ ತಪ್ಪುತ್ತದೆ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ನಾನು ಇದನ್ನು ಎಲ್ಲ ಕಡೆ ಹೇಳುವುದುಂಟು. ಮೊದಲೇ ಕೇಳಿದವರು ಕ್ಷಮಿಸಬೇಕು.

ಹುಡುಗ ಮುಂಬೈಯವನು. ಅಜ್ಜ ಚಿಕ್ಕ ಪ್ರಾಯದಲ್ಲಿ ಹಡಗು ಹತ್ತಿ ಹೋಗಿ ಹೊಟೇಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತ ಹೊಟೇಲು ಮಾಡಿದವರು. ಹುಡುಗನಿಗೆ ಕಂಪ್ಯೂಟರಿನ ಕೆಲಸ. ಮನೆಯಲ್ಲಿ ಏನೋ ಕಷ್ಟ ಬಂತು. ಯಾರೋ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು, ಅಂದರೆ ಕಷ್ಟಕ್ಕೆ ಕಾರಣ ಏನು ಎಂದು ಕೇಳಿಸಿದರು. ಮೂಲ ನಾಗನಿಗೆ, ಅಂದರೆ ಕುಟುಂಬದ ನಾಗದೇವರಿಗೆ, ಸೇವೆ ನಿಂತುಹೋಗಿದೆ, ಆ ನಾಗ ಇರುವ ಬನ ಹುಡುಕಿ ಎಂದು ಬಂತು. ಪಾಪ, ರಜೆ ಹಾಕಿ ಮೂರು ಸಲ ಊರಿಗೆ ಬಂದ. ಮೂರು ಸಲವೂ ಬೇರೆ ಬೇರೆ ಬನ ತೋರಿಸಿ, ಇದೇ ನಿಮ್ಮದು ಎಂದವರು ಇದ್ದರು. ಮೂರು ಕಡೆಯೂ ನಾಗನಿಗೆ ತಂಬಿಲ ಸೇವೆ ಮಾಡಿಸಿದ. ಖರ್ಚು ಎಷ್ಟಾಯಿತು ಎಂದು ನಾನು ಕೇಳಲಿಲ್ಲ.

ನನ್ನ ಹತ್ತಿರ ಬಂದಾಗ ಅದೇ ಹಾಳೆ. ಮುತ್ತಜ್ಜನ ಹೆಸರು ಇದೆ, ಅದೂ ಊರಿಗೆ ಹತ್ತು ಜನಕ್ಕೆ ಇರುವಂತಹ ಹೆಸರು. ಊರು ಎಲ್ಲಿ ಎಂದರೆ ‘ಉಡುಪಿ ಹತ್ತಿರ’. ಉಡುಪಿ ಹತ್ತಿರ ಅಂದರೆ ಮುಂಬೈಯಲ್ಲಿ ಕೂತವರಿಗೆ ಬೈಂದೂರೂ ಹತ್ತಿರವೇ, ಕಾರ್ಕಳವೂ ಹತ್ತಿರವೇ.

ನಾನು ಕೇಳಿದೆ, ‘ನಿನ್ನ ಅಜ್ಜನಿಗೆ ಅಕ್ಕತಂಗಿಯರು ಯಾರಾದರೂ ಇದ್ದಾರಾ?’ ಒಬ್ಬರು ಇದ್ದಾರೆ, ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ, 91 ವರ್ಷ ಎಂದ. ‘ಅವರನ್ನು ಕೇಳಿದ್ದೀಯಾ?’ ‘ಇಲ್ಲ ಅಂಕಲ್, ಅವರಿಗೆ ಕಿವಿ ಕೇಳುವುದಿಲ್ಲ.’ ನನಗೆ ಸಿಟ್ಟು ಬಂತು. ಕಿವಿ ಕೇಳದಿದ್ದರೆ ಗಟ್ಟಿಯಾಗಿ ಮಾತಾಡು ಮಾರಾಯ! ಮೂರು ಬನಕ್ಕೆ ಹೋಗಲಿಕ್ಕೆ ಆಗುತ್ತದೆ, ಡೊಂಬಿವಿಲಿಗೆ ಹೋಗಲಿಕ್ಕೆ ಆಗುವುದಿಲ್ಲವಾ?

ಹೋದ. ಅಲ್ಲಿಂದಲೇ ನನಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ನಾನು ತುಳುವಿನಲ್ಲಿ ಕೂಗಿ ಕೂಗಿ ಕೇಳಿದೆ. ನಮ್ಮ ಮನೆಯವಳು ಒಳಗಿನಿಂದ ಓಡಿ ಬಂದಳು, ಯಾರೊಟ್ಟಿಗೆ ಜಗಳ ಎಂದು.

ಇಸವಿ ಕೇಳಲಿಲ್ಲ ನಾನು. ಹಿರಿಯರಿಗೆ ಇಸವಿ ಕೇಳಬಾರದು. ‘ನೀವು ಹುಟ್ಟಿದ್ದು ಮಾರಿಬೊಳ್ಳದ ಮೊದಲೋ, ಆಮೇಲೋ?’ ಎಂದು ಕೇಳಿದೆ. ಮಾರಿಬೊಳ್ಳ ಅಂದರೆ 1923ರ ದೊಡ್ಡ ನೆರೆ. ‘ಬೊಳ್ಳ ಹೋಗಿ ಐದು ವರ್ಷಕ್ಕೆ ಅಂತ ಅಮ್ಮ ಹೇಳುತ್ತಿದ್ದರು’ ಎಂದರು. ಬಂತಲ್ಲ, 1928! ಉಡುಪಿ ಆಸುಪಾಸಿನವರಾದರೆ ಯಾವ ಮಠದ ಪರ್ಯಾಯ ಎಂದೂ ಕೇಳಬಹುದು. ಪರ್ಯಾಯ ಅಂದರೆ ಕೃಷ್ಣ ಮಠದ ಪೂಜೆಯ ಸರದಿ. ಎಂಟು ಮಠ, ಎರಡೆರಡು ವರ್ಷ, ಹದಿನಾರು ವರ್ಷಕ್ಕೊಮ್ಮೆ ಸರದಿ. ಪುತ್ತಿಗೆ ಪರ್ಯಾಯ ಅಂದರೆ 1928 ಅಥವಾ 1944 ಅಥವಾ 1960. ಲೆಕ್ಕ ಸುಲಭ.

ಆಮೇಲೆ ಎರಡನೇ ಪ್ರಶ್ನೆ. ‘ನಿಮ್ಮ ಅಮ್ಮನಿಗೆ ನೀವು ಹುಟ್ಟಿದ್ದು ಎಲ್ಲಿ? ಬಾಣಂತನ ಯಾರು ಮಾಡಿದರು?’ ಇದನ್ನು ಬರೆದಿಟ್ಟುಕೊಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಎಲ್ಲಿ ಎಂದು ಗೊತ್ತಾದರೆ ತಾಯಿಯ ಮನೆ ಸಿಕ್ಕಿತು ಎಂದೇ ಲೆಕ್ಕ. ಅಜ್ಜಿ ಹೇಳಿದರು, ‘ದೋಣಿ ದಾಟಿ ಹೋಗಬೇಕು, ಬಾರ್ಕೂರಿನ ಕಡೆ. ಅಜ್ಜಿ ಎಣ್ಣೆ ಹಚ್ಚಿ ಮೀಯಿಸಿದ್ದಂತೆ.’ ಆ ಅಜ್ಜಿಯ ಹೆಸರು? ತಡೆಯಲೇ ಇಲ್ಲ, ಫಕ್ಕನೆ ಹೇಳಿದರು. ಎರಡೇ ಅಕ್ಷರದ ಹೆಸರು. ಆ ಮನೆಯವರು ಈಗಲೂ ಇದ್ದಾರೆ, ಹಾಗಾಗಿ ಇಲ್ಲಿ ಹೇಳುವುದಿಲ್ಲ.

ಅಷ್ಟು ಸಾಕಾಯಿತು. ರಿಜಿಸ್ಟ್ರಿ ಕಚೇರಿಯಲ್ಲಿ ಇಂಡೆಕ್ಸ್ ಪುಸ್ತಕ ಇರುತ್ತದೆ. ಒಂದರಲ್ಲಿ ಜನರ ಹೆಸರು, ಇನ್ನೊಂದರಲ್ಲಿ ಆಸ್ತಿಯ ವಿವರ. ಅರ್ಜಿ ಹಾಕಿ, ಫೀಸು ಕಟ್ಟಿ, ಹುಡುಕಿಸಿದೆವು. 1953ರ ಒಂದು ಪಾಲುಪಟ್ಟಿಯ ನಕಲು ಸಿಕ್ಕಿತು. ಎರಡನೇ ಕವರಿನ ತಲೆಗೆ ಅದೇ ಎರಡಕ್ಷರದ ಹೆಸರು. ಅವರ ತಾಯಿ, ತಾಯಿಯ ತಾಯಿ, ಅಲ್ಲಿಗೆ ನಾಲ್ಕು ತಲೆಮಾರು ಮೇಲಕ್ಕೆ ಹೋಯಿತು. ಕೆಳಗೆ ಬಂದರೆ ಹದಿನಾಲ್ಕನೇ ಪಾರ್ಟಿ ಹುಡುಗನ ಅಜ್ಜ, ‘ಮುಂಬೈಯಲ್ಲಿ ವಾಸ’. ಹದಿನೈದನೇ ಪಾರ್ಟಿ ಯಾರು? ಡೊಂಬಿವಿಲಿಯ ಅಜ್ಜಿ! ಅವರ ರುಜುವೂ ಇದೆ. ಫೋನು ಮಾಡಿ ಹೇಳಿದರೆ ಅವರು ನಕ್ಕರು. ‘ಯಾವುದೋ ಕಾಗದಕ್ಕೆ ಸಹಿ ಹಾಕಿಸಿದ್ದರು ಮಗಾ. ಏನು ಅಂತ ನನಗೆ ಯಾರು ಹೇಳಿದರು?’

ಪತ್ರದ ಕೊನೆಗೆ, ಪಾಲು ಮಾಡದೆ ಎಲ್ಲರಿಗೂ ಸೇರಿ ಇಟ್ಟ ಸೊತ್ತು ಎಂದು ಬರೆದಿತ್ತು. ದೈವದ ಕೋಣೆ, ನಾಗಬನ, ಸರ್ವೇ ನಂಬ್ರ ಸಮೇತ. ಹುಡುಗ ತೋರಿಸಿಕೊಂಡು ಬಂದ ಮೂರು ಬನಗಳಲ್ಲಿ ಯಾವುದೂ ಅದಲ್ಲ.

ಹುಡುಗನಿಗೆ ಖುಷಿಯೋ ಖುಷಿ. ನಾನು ಹೇಳಿದೆ, ‘ಇದು ನಿನ್ನ ಅಜ್ಜನ ಮೂಲ ಮಗಾ. ನಿನ್ನ ಬಳಿ ನಿನ್ನ ಅಮ್ಮನಿಂದ ಬಂದದ್ದು. ಅದಕ್ಕೆ ಅಮ್ಮನ ಕಡೆಯಿಂದ ಶುರು ಮಾಡಬೇಕು.’ ಅವನ ಮುಖ ನೋಡಬೇಕಿತ್ತು ನೀವು.

ಪ್ರಶ್ನೆ ಇಡಿಸುವುದು ಬೇಡ ಎಂದು ನಾನು ಹೇಳುವುದಿಲ್ಲ. ನಂಬಿಕೆ ನಿಮ್ಮದು. ಆದರೆ ಅಲ್ಲಿ ಪ್ರಶ್ನೆ ಇಡುವ ಮೊದಲು ಅಜ್ಜಿಯ ಹತ್ತಿರ ಒಂದು ಪ್ರಶ್ನೆ ಕೇಳಿ. ದಕ್ಷಿಣೆ ಇಲ್ಲ.

ನನಗೆ ಕೊಟ್ಟದ್ದು ಹತ್ತು ನಿಮಿಷ, ಕತೆಯೇ ಜಾಸ್ತಿ ತಿಂದಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಪಾಲುಪಟ್ಟಿ ಇರುವುದು ಆಸ್ತಿ ಇದ್ದವರಿಗೆ. ಗೇಣಿಗೆ ಕೂತ ಒಕ್ಕಲುಗಳಿಗೆ ಏನು ದಾರಿ? ಅವರು ಡಿಕ್ಲರೇಶನ್ ಫೈಲು ಹುಡುಕಬೇಕು. 1974ರಲ್ಲಿ ಭೂಸುಧಾರಣೆ ಬಂದಾಗ ಒಕ್ಕಲುಗಳು ಏಳನೇ ನಮೂನೆಯ ಅರ್ಜಿ ಕೊಟ್ಟರು. ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಆಯಿತು. ಎಷ್ಟು ಮುಡಿ ಅಕ್ಕಿ ಗೇಣಿ, ಯಾರ ಕಾಲದಿಂದ ಉಳುಮೆ, ಎಲ್ಲ ಅದರಲ್ಲಿ ಸಿಗಬಹುದು. ನಿಮ್ಮ ಅಜ್ಜಿಯೇ ಅರ್ಜಿ ಕೊಟ್ಟಿರಲೂಬಹುದು, ಅವರ ಹೆಸರಿನಲ್ಲೂ ಹುಡುಕಿ. ಶಾಲೆಯ ದಾಖಲಾತಿ ಪುಸ್ತಕ ನೋಡಿ, ಆದರೆ ಅದರ ಹುಟ್ಟಿದ ತಾರೀಕು ನಂಬಬೇಡಿ. ನಮ್ಮ ಕಾಲದ ಅರ್ಧ ಊರು ಹುಟ್ಟಿದ್ದು ಜೂನ್ ತಿಂಗಳಲ್ಲೇ, ಮಾಸ್ತರರ ದಯೆಯಿಂದ. ಜನಗಣತಿಯಲ್ಲಿ ಸಿಗುತ್ತದಾ ಎಂದು ಕೇಳುತ್ತಾರೆ. ಇಲ್ಲ. ಅಲ್ಲಿ ಬರೆದದ್ದು ಕಾಯ್ದೆ ಪ್ರಕಾರ ಗುಟ್ಟು.

ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ ಇದೆ. ನೀವು ಪುಣ್ಯವಂತರು, ಅದರಲ್ಲಿ ತಾಯಿಯ ಹೆಸರೂ ಇರುತ್ತದೆ. ಆದರೆ 1784ರಲ್ಲಿ ಟಿಪ್ಪು ಇಲ್ಲಿನ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಚರ್ಚುಗಳು ಬಿದ್ದವು. ಅದಕ್ಕಿಂತ ಹಿಂದಿನದು ಸಿಗುವುದು ಕಷ್ಟ. ಬಾಸೆಲ್ ಮಿಶನ್ ಸಭೆಯ ಪ್ರೊಟೆಸ್ಟೆಂಟರು ಮಂಗಳೂರಿನ ಬಲ್ಮಠದಲ್ಲಿ ವಿಚಾರಿಸಿ. ಮಿಶನ್ ಇಲ್ಲಿಗೆ ಬಂದದ್ದು 1834ರಲ್ಲಿ, ಅವರು ಬರೆದಿಡುವುದರಲ್ಲಿ ಗಟ್ಟಿಗರು. ಕೊಂಕಣಿಗರು ಕುಲದೇವರ ಜಾಡು ಹಿಡಿದು ಗೋವಾಕ್ಕೆ ಹೋಗುತ್ತಾರೆ, ಒಳ್ಳೆಯದೇ. ಮುಸಲ್ಮಾನರಿಗೆ ಮಸೀದಿಯ ನಿಕಾಹ್ ಪುಸ್ತಕ. ಯಾರೇ ಆಗಲಿ, ಪುಸ್ತಕ ಬಿಡಿಸುವ ಮೊದಲು ಕೈಯಲ್ಲಿ ಅಜ್ಜಿಯ ಹೆಸರು ಇರಲಿ. ಮನೆತನದ ಹೆಸರೊಂದನ್ನೇ ಹಿಡಿದು ಹೋದರೆ ಒಂದೇ ಹೆಸರಿನ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ನಿಮ್ಮವರು ಯಾರು ಎಂದು ಹೇಳುವುದು ಹೆಂಡತಿಯ ಹೆಸರು.

ಈಗ ಮೊಬೈಲಿನಲ್ಲಿ ವಂಶವೃಕ್ಷ ಮಾಡುವ ಆ್ಯಪ್ ಬಂದಿದೆಯಂತೆ. ಮೊಮ್ಮಗ ತೋರಿಸಿದ. ಚಂದ ಇದೆ. ಆದರೆ ಹೆಸರು ನಾವೇ ತುಂಬಬೇಕು, ಅಲ್ವಾ?

ಅಜ್ಜಿಯನ್ನು ಕೇಳುವಾಗ ಪೆನ್ನು ಕಾಗದ ಹಿಡಿದು ಎದುರು ಕೂರಬೇಡಿ, ಅವರು ಹೆದರುತ್ತಾರೆ, ಆಸ್ತಿ ವಿಷಯ ಎಂದು. ಮಧ್ಯಾಹ್ನ ಊಟ ಆಗಿ, ಜಗಲಿಯಲ್ಲಿ ಕಾಲು ನೀಡಿ ಎಲೆ ಅಡಿಕೆ ಹಾಕುವ ಹೊತ್ತಿಗೆ ಸುಮ್ನೆ ಹತ್ತಿರ ಹೋಗಿ ಕೂತುಕೊಳ್ಳಿ. ‘ಅಜ್ಜಿ, ನಿಮ್ಮ ಬಾಣಂತನ ಯಾರು ಮಾಡಿದ್ದು?’ ಎನ್ನಿ. ರೇಡಿಯೋ ಬಂದ್ ಮಾಡಿ ಕೇಳಿ, ಅವರ ಸ್ವರ ಸಣ್ಣದಿರುತ್ತದೆ.

ನಮಸ್ಕಾರ.