ಟೈಗರ್ ಹಿಲ್ ಮೇಲೆ ಬಿದ್ದ ಆ ಬಾಂಬು: 7ನೇ ಸ್ಕ್ವಾಡ್ರನ್ ಲೆಕ್ಕಾಚಾರ

ಟೈಗರ್ ಹಿಲ್ ಅಂದ ತಕ್ಷಣ ಕಣ್ಮುಂದೆ ಬರೋದು ರಾತ್ರಿಯಲ್ಲಿ ಹಗ್ಗ ಹಿಡಿದು ಬಂಡೆ ಹತ್ತಿದ ಸೈನಿಕರು. ಅದು ಸರಿಯೇ. ಆದರೆ ಅವರು ಹತ್ತೋಕೆ ಸುಮಾರು ಹತ್ತು ದಿನ ಮೊದಲು, 1999ರ ಕಾರ್ಗಿಲ್ ಯುದ್ಧದಲ್ಲಿ, ಜೂನ್ 24ರಂದು, ಆ ಶಿಖರದ ಮೇಲಿದ್ದ ಬಂಕರ್‌ಗಳ ಮೇಲೆ ಮಿರಾಜ್ 2000 ಅನ್ನೋ ಯುದ್ಧವಿಮಾನವೊಂದು ಲೇಸರ್ ಬಾಂಬು, ಅಂದ್ರೆ ಲೇಸರ್ ಬೆಳಕು ಬಿದ್ದ ಜಾಗ ಹುಡುಕಿಕೊಂಡು ಹೋಗೋ ಬಾಂಬು, ಹಾಕಿತ್ತು. ಹಾಕಿದ್ದು ಭಾರತೀಯ ವಾಯುಪಡೆಯ 7ನೇ ಸ್ಕ್ವಾಡ್ರನ್ ಅನ್ನೋ ವಿಮಾನಗಳ ತಂಡ. ಹೆಸರು ‘ಬ್ಯಾಟಲ್ ಆಕ್ಸಸ್’, ಅಂದ್ರೆ ಯುದ್ಧದ ಕೊಡಲಿಗಳು.

ಈ ಸ್ಕ್ವಾಡ್ರನ್ ಹುಟ್ಟಿದ್ದು 1942ರ ಡಿಸೆಂಬರ್ 1ರಂದು, ವಿಶಾಖಪಟ್ಟಣದಲ್ಲಿ. ಮೊದಲು ಸಿಕ್ಕಿದ್ದು ವಲ್ಟೀ ವೆಂಜನ್ಸ್ ಅನ್ನೋ ಅಮೆರಿಕದ ಡೈವ್ ಬಾಂಬರ್. ನೋಡೋಕೆ ಚೆಂದ ಇಲ್ಲದ ವಿಮಾನ. ನೆಟ್ಟಗೆ ಹಾರುವಾಗಲೂ ಮೂಗು ಮೇಲಕ್ಕೆತ್ತಿಕೊಂಡೇ ಹೋಗೋದು. ಅದಕ್ಕೆ ಕಾರಣ ಇದೆ. ರೆಕ್ಕೆಯನ್ನ ದೇಹಕ್ಕೆ ಓರೆ ಇಲ್ಲದೆ ಕೂರಿಸಿದ್ರು. ಹಾಗಾಗಿ ಲಂಬವಾಗಿ ಕೆಳಕ್ಕೆ ಧುಮುಕುವಾಗ ರೆಕ್ಕೆ ವಿಮಾನವನ್ನ ಪಕ್ಕಕ್ಕೆ ಎಳೆಯೋದಿಲ್ಲ, ಬಾಂಬು ಮೂಗಿನ ನೇರಕ್ಕೇ ಹೋಗುತ್ತೆ. 1944ರಲ್ಲಿ ಸ್ಕ್ವಾಡ್ರನ್ ಲೀಡರ್ ಹೇಮ್ ಚೌಧುರಿ ಮುಂದಾಳತ್ವದಲ್ಲಿ ಅಸ್ಸಾಂ ಕಡೆಯಿಂದ ಹೊರಟು ಬರ್ಮಾ ಗಡಿಯ ಕಾಡಿನಲ್ಲಿ ಜಪಾನೀಯರ ಮೇಲೆ ಬಾಂಬು ಹಾಕಿದ್ದು ಇದೇ ವಿಮಾನದಲ್ಲಿ. ಡೈವ್ ಮಾಡುವಾಗ ದೊಡ್ಡ ಅಪಾಯ ಎತ್ತರ ತೋರಿಸೋ ಆಲ್ಟಿಮೀಟರ್‌ದು. ವಿಮಾನ ವೇಗವಾಗಿ ಇಳೀತಾ ಇದ್ರೆ ಅದರ ಮುಳ್ಳು ಹಿಂದೆ ಬೀಳುತ್ತೆ. ಮುಳ್ಳು ಇನ್ನೂ ಎತ್ತರ ಇದೆ ಅಂತ ತೋರಿಸ್ತಿರುತ್ತೆ, ಮರಗಳು ಮಾತ್ರ ಹತ್ತಿರ ಬಂದಿರುತ್ತವೆ.

ನಡುವಿನ ನಾಲ್ಕು ದಶಕ ಬೇಗ ಹೇಳಿಬಿಡ್ತೀನಿ. ವ್ಯಾಂಪೈರ್ ಬಂತು, ಹಂಟರ್ ಬಂತು, ಮಿಗ್-21 ಬಂತು. 1985ರಲ್ಲಿ ಗ್ವಾಲಿಯರ್‌ಗೆ ಮಿರಾಜ್ 2000 ಬಂತು. ನಮ್ಮವರು ಇಟ್ಟ ಹೆಸರು ‘ವಜ್ರ’.

ಈಗ ಕಾರ್ಗಿಲ್. ಮೇ 21ರಂದೇ ಚಿತ್ರ ತೆಗೆಯೋಕೆ ಹೋಗಿದ್ದ ಒಂದು ಕ್ಯಾನ್‌ಬೆರಾ ವಿಮಾನಕ್ಕೆ ಹೆಗಲ ಮೇಲಿಟ್ಟು ಹಾರಿಸೋ ಸ್ಟಿಂಗರ್ ಕ್ಷಿಪಣಿ ಬಡಿದು, ಒಂದು ಎಂಜಿನ್ ಕೆಟ್ಟು, ಹೇಗೋ ಶ್ರೀನಗರಕ್ಕೆ ವಾಪಸ್ ಬಂದಿತ್ತು. ಮೇ 26ಕ್ಕೆ ವಾಯುಪಡೆಯ ಕಾರ್ಯಾಚರಣೆ ‘ಆಪರೇಷನ್ ಸಫೇದ್ ಸಾಗರ್’ ಶುರು. ಮರುದಿನವೇ ಒಂದು ಮಿಗ್-27ರ ಎಂಜಿನ್ ಆರಿಹೋಯ್ತು, ಅದರ ಪೈಲಟ್ ನಚಿಕೇತ ಸೆರೆ ಸಿಕ್ಕಿದ್ರು. ಅವರನ್ನ ಹುಡುಕ್ತಾ ಇದ್ದ ಅಜಯ್ ಅಹುಜಾ ಅವರ ಮಿಗ್-21 ಕ್ಷಿಪಣಿಗೆ ಬಿತ್ತು. ಮೇ 28ಕ್ಕೆ ಎಂಐ-17 ಹೆಲಿಕಾಪ್ಟರ್, ಅದರಲ್ಲಿದ್ದ ನಾಲ್ವರೂ ಹೋದರು. ಮೂರು ದಿನದಲ್ಲಿ ಮೂರು.

ಯಾಕೆ ಹೀಗಾಯ್ತು? ಸ್ಟಿಂಗರ್ ಹಿಡಿದವನು ಬಯಲಲ್ಲಿ ನಿಂತಿದ್ರೆ ಸುಮಾರು 10-12 ಸಾವಿರ ಅಡಿ ತನಕ ಹೊಡೀಬಹುದು. ಆದರೆ ಇಲ್ಲಿ ಅವನು ನಿಂತಿರೋದೇ 16-17 ಸಾವಿರ ಅಡಿ ಬೆಟ್ಟದ ತುದಿಯಲ್ಲಿ. ಕೂಡಿಸಿ ನೋಡಿ. ವಿಮಾನ ತಪ್ಪಿಸಿಕೊಳ್ಳಬೇಕಂದ್ರೆ 30 ಸಾವಿರ ಅಡಿ ಆಸುಪಾಸಿಗೆ ಹೋಗಲೇಬೇಕು. ಅದರ ಮೇಲೆ ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಸರ್ಕಾರದ ಕಟ್ಟಪ್ಪಣೆ. ಹಾಗಾಗಿ ಅನುಕೂಲ ನೋಡಿ ಯಾವ ದಿಕ್ಕಿಂದ ಬೇಕಾದ್ರೂ ಬರೋ ಹಾಗೂ ಇಲ್ಲ.

ಮೇಲೆ ಹೋದ್ರೆ ಜೀವ ಉಳಿಯುತ್ತೆ, ಗುರಿ ತಪ್ಪುತ್ತೆ. ಎಷ್ಟು ಅಂತ ಲೆಕ್ಕ ಹಾಕೋಣ. 30 ಸಾವಿರ ಅಡಿಯಿಂದ 16,500 ಅಡಿ ಎತ್ತರದ ಶಿಖರಕ್ಕೆ ಬಾಂಬು ಬೀಳೋಕೆ ಅರ್ಧ ನಿಮಿಷ ಬೇಕು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇದ್ರೆ ಗುರಿಗೆ ಇನ್ನೂ ಏಳು ಕಿ.ಮೀ. ಇರುವಾಗಲೇ ಬಾಂಬು ಬಿಡಬೇಕು. ಅಷ್ಟು ದೂರದಲ್ಲಿ ಒಂದು ಮಿಲಿರೇಡಿಯನ್ ತಪ್ಪು, ಅಂದ್ರೆ ಕಣ್ಣಿಗೇ ಕಾಣದಷ್ಟು ಓರೆ, ನೆಲದ ಮೇಲೆ ಎಂಟು ಮೀಟರ್ ಆಗುತ್ತೆ.

ಅದಕ್ಕಿಂತ ಕೆಟ್ಟದ್ದು ಎತ್ತರದ ತಪ್ಪು. ನಕ್ಷೆಯಲ್ಲಿ ಶಿಖರದ ಎತ್ತರ 30 ಮೀಟರ್ ಹೆಚ್ಚಾಗಿ ಬರೆದಿದೆ ಅಂದುಕೊಳ್ಳಿ. ಬಾಂಬು ಸುಮಾರು 25 ಮೀಟರ್ ಮುಂದಕ್ಕೆ ಹೋಗಿ ಬೀಳುತ್ತೆ. ಬಯಲಾಗಿದ್ರೆ 25 ಮೀಟರ್ ಆಚೆ ಸಿಡಿದ್ರೂ ಚೂರುಗಳು ಕೆಲಸ ಮಾಡ್ತಿದ್ವು. ಕತ್ತಿ ಅಲಗಿನಂಥ ಬೆಟ್ಟದ ಏಣಿನ ಮೇಲೆ 25 ಮೀಟರ್ ಆಚೆ ಅಂದ್ರೆ ಆ ಕಡೆಯ ಕಣಿವೆ. ಶತ್ರುವಿಗೆ ಸದ್ದು ಕೇಳಿಸುತ್ತೆ, ಅಷ್ಟೇ.

ಗಾಳಿದೂ ಒಂದು ಕಥೆ. 16 ಸಾವಿರ ಅಡಿ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರೋದರ ಸುಮಾರು ಶೇ. 60 ಮಾತ್ರ. ಬಾಂಬಿಗೆ ತಡೆ ಕಡಿಮೆ, ಲೆಕ್ಕಕ್ಕಿಂತ ಮುಂದೆ ಜಾರುತ್ತೆ. ಬಯಲಿನ ರೇಂಜ್‌ನಲ್ಲಿ ಅಭ್ಯಾಸ ಮಾಡಿದ ಕೈಗೆ ಇದು ಹೊಸ ಪಾಠ. ಒತ್ತಡ ನೋಡಿ ಎತ್ತರ ಹೇಳೋ ಆಲ್ಟಿಮೀಟರ್ ಕೂಡ ಹವೆ ಬದಲಾದ್ರೆ ನೂರಾರು ಅಡಿ ಸುಳ್ಳು ಹೇಳುತ್ತೆ.

ಹಾಗಂತ ಸಾದಾ ಬಾಂಬು ದಂಡ ಅಂತಲ್ಲ. ಜೂನ್ 17ರಂದು ಬಟಾಲಿಕ್ ಕಡೆಯ ಮುಂಥೋ ಢಾಲೋ ಅನ್ನೋ ಜಾಗದಲ್ಲಿದ್ದ ಸರಬರಾಜು ಶಿಬಿರವನ್ನ ಮಿರಾಜ್‌ಗಳು 250 ಕಿಲೋದ ಸಾದಾ ಬಾಂಬುಗಳಿಂದಲೇ ಹಾಳು ಮಾಡಿದ್ವು. ಅಲ್ಲಿ ಗುರಿ ಹರಡಿಕೊಂಡಿತ್ತು. ಟೆಂಟು, ದಾಸ್ತಾನು, ಜನ ಎಲ್ಲ ಹಿಮದ ಮೇಲೆ. ಬಾಂಬುಗಳನ್ನ ಸಾಲಾಗಿ ಉದುರಿಸಿದ್ರೆ ಒಂದಲ್ಲ ಒಂದು ತಗಲುತ್ತೆ. ನನ್ನ ಪ್ರಕಾರ ಇಡೀ ಕಾರ್ಯಾಚರಣೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದ ದಾಳಿ ಇದು. ಟೈಗರ್ ಹಿಲ್‌ಗೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ.

ಟೈಗರ್ ಹಿಲ್‌ನಲ್ಲಿ ಹಾಗಾಗೋದಿಲ್ಲ, ಒಂದು ಬಂಕರ್‌ಗೇ ತಗಲಬೇಕು. ಮಿರಾಜ್ ಜೊತೆ ಫ್ರಾನ್ಸಿಂದ ಬಂದಿದ್ದ ಅಟ್ಲಿಸ್ ಪಾಡ್ (ವಿಮಾನಕ್ಕೆ ತಗುಲಿಸೋ, ಗುರಿ ನೋಡಿ ಅದರ ಮೇಲೆ ಲೇಸರ್ ಬಿಡೋ ಉಪಕರಣ), 1,000 ಕಿಲೋದ ಲೇಸರ್ ಬಾಂಬು ಇದ್ವು. ಪಾಡ್ ಹಗಲಿಗೆ ಮಾತ್ರ, ಬಾಂಬು ಭಾರಿ ದುಬಾರಿ. ಅದಕ್ಕೆ ಇಸ್ರೇಲಿನ ಲೈಟ್ನಿಂಗ್ ಪಾಡನ್ನ ಸಜ್ಜು ಮಾಡಿ, 1,000 ಪೌಂಡಿನ ಬಾಂಬಿಗೆ ಪೇವ್‌ವೇ-2 ಅನ್ನೋ, ಲೇಸರ್ ನೋಡಿ ದಾರಿ ಹಿಡಿಯೋ ಕಿಟ್ ಹಾಕಿದ್ರು.

ಈ ಕಿಟ್ ಹತ್ತಿರದಿಂದ ನೋಡಿ. ಮುಂದೆ ಪುಟ್ಟ ತಲೆ, ಅದರ ಹಿಂದೆ ಬಳೆ ಥರದ ಒಂದು ಉಂಗುರ. ತಲೆ ಸಡಿಲವಾಗಿ ಆಡುತ್ತೆ, ಗಾಳಿ ಬಂದ ಕಡೆಗೇ ಮುಖ ಮಾಡುತ್ತೆ. ಒಳಗಿನ ಸಂವೇದಕ ನಾಲ್ಕು ಭಾಗ. ಗುರಿಯಿಂದ ಚಿಮ್ಮಿ ಬಂದ ಲೇಸರ್ ಯಾವ ಭಾಗದಲ್ಲಿ ಜಾಸ್ತಿ ಬಿತ್ತೋ ಆ ಕಡೆಗೆ ಮುಂದಿನ ರೆಕ್ಕೆಗಳು ತಿರುಗುತ್ತವೆ. ತಿರುಗಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲವೇ ಇಲ್ಲ. ನಡುವಿನ ಹದ ಗೊತ್ತಿಲ್ಲ. ಹೀಗೆ ಪ್ರತಿ ಸಲ ಪೂರ್ತಿ ತಿರುಗಿದಾಗಲೂ ವೇಗ ಸೋರಿಹೋಗುತ್ತೆ. ಮೊದಲಿಂದಲೇ ಲೇಸರ್ ಹಾಕಿದ್ರೆ ಬಾಂಬು ಸುಸ್ತಾಗಿ ಗುರಿಗಿಂತ ಮೊದಲೇ ಬೀಳುತ್ತೆ. ಅದಕ್ಕೆ ಮೊದಲು ಸಾದಾ ಬಾಂಬಿನ ಹಾಗೇ ಬೀಳೋಕೆ ಬಿಟ್ಟು, ಕೊನೆಯ ಹತ್ತು-ಹನ್ನೆರಡು ಸೆಕೆಂಡು ಇದ್ದಾಗ ಲೇಸರ್ ಹಚ್ಚೋದು.

ಕೆಡೋ ಜಾಗಗಳೂ ಇವೆ. ಲೇಸರ್ ಮಿಡಿತಕ್ಕೆ ನಾಲ್ಕಂಕಿಯ ಒಂದು ಕೋಡ್ ಇರುತ್ತೆ, 1688 ಥರದ್ದು. ಬಾಂಬಿನ ಕೋಡನ್ನ ನೆಲದ ಮೇಲೇ ತಿರುಗಿಸಿ ಇಡಬೇಕು, ಹಾರಿದ ಮೇಲೆ ಬದಲಿಸೋಕಾಗಲ್ಲ. ಪಾಡ್ ಒಂದು ಕೋಡ್, ಬಾಂಬು ಇನ್ನೊಂದು ಕೋಡ್ ಆದ್ರೆ ಮುಗೀತು, ಬಾಂಬು ಕುರುಡು. ಬಾಂಬು ಬಿಟ್ಟ ಮೇಲೆ ವಿಮಾನ ತಿರುಗಲೇಬೇಕು. ಜಾಸ್ತಿ ವಾಲಿದ್ರೆ ತನ್ನದೇ ಹೊಟ್ಟೆ, ಇಂಧನದ ಟ್ಯಾಂಕು ಪಾಡಿಗೆ ಅಡ್ಡ ಬರುತ್ತವೆ. ಇನ್ನು ಮೋಡ. ಗುರಿಗೂ ವಿಮಾನಕ್ಕೂ ನಡುವೆ ಅಂಗೈಯಗಲ ಮೋಡ ಬಂದ್ರೂ ಲೇಸರ್ ಚುಕ್ಕೆ ಮಾಯ. ಜೂನ್ ತಿಂಗಳ ಹಿಮಾಲಯದಲ್ಲಿ ಮೋಡಕ್ಕೇನು ಬರವೇ?

ಅದಕ್ಕೇ ಎರಡು ಸೀಟಿನ ಮಿರಾಜ್ ಬೇಕಾಗಿದ್ದು. ಮುಂದೆ ಕೂತವರು ವಿಮಾನ ನೋಡಿಕೊಂಡ್ರೆ, ಹಿಂದೆ ಕೂತವರು ಪರದೆ ನೋಡ್ತಾ ಗುರಿಯ ಮೇಲಿಂದ ಚುಕ್ಕೆ ಕದಲದ ಹಾಗೆ ಹಿಡಿಯೋದು. ಜೂನ್ 24ರಂದು ಮುಂದೆ ಇದ್ದವರು ವಿಂಗ್ ಕಮಾಂಡರ್ ರಘುನಾಥ್ ನಂಬಿಯಾರ್. ಬಾಂಬು ಬಂಕರ್‌ಗೇ ತಗಲಿತು.

ಇಡೀ ಕಾರ್ಗಿಲ್‌ನಲ್ಲಿ ಲೇಸರ್ ಬಾಂಬುಗಳು ಬಿದ್ದಿದ್ದು ಬೆರಳೆಣಿಕೆಯಷ್ಟೇ. 7ನೇ ಸ್ಕ್ವಾಡ್ರನ್ ಮಾಡಿದ ದಾಳಿ ಹಾರಾಟ 240, ಹಾಕಿದ ಬಾಂಬಿನ ತೂಕ ಒಟ್ಟು 55 ಸಾವಿರ ಕಿಲೋ. ಹೆಚ್ಚಿನದೆಲ್ಲ ಸಾದಾ ಬಾಂಬೇ. ಬೆಂಗಾವಲು, ಕಾವಲು ಕೆಲಸ ನೋಡಿಕೊಂಡ ಮಿರಾಜ್‌ನ ಇನ್ನೊಂದು ತಂಡ 1ನೇ ಸ್ಕ್ವಾಡ್ರನ್‌ದು 274. ಈ ಮಿರಾಜ್‌ಗಳ ದೊಡ್ಡ ರಿಪೇರಿ, ಓವರ್‌ಹಾಲ್ ಆಗೋದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಹಳೇ ವಿಮಾನ ನಿಲ್ದಾಣದ ಕಡೆ ಮನೆ ಇದ್ದವರಿಗೆ ತ್ರಿಕೋನ ರೆಕ್ಕೆಯ ಈ ವಿಮಾನದ ಸದ್ದು ಹೊಸದಲ್ಲ.

2019ರ ಫೆಬ್ರವರಿ 26ರಂದು ದಾಳಿಗೆ ಪಾಕಿಸ್ತಾನದ ಬಾಲಾಕೋಟ್‌ಗೆ ಹೋದಾಗ ಮಿರಾಜ್ ಹೊತ್ತಿದ್ದು ಸ್ಪೈಸ್ 2000 ಅನ್ನೋ ಬಾಂಬು. ಅದಕ್ಕೆ ಲೇಸರ್ ಹಿಡಿಯೋರು ಬೇಡ. ಉಪಗ್ರಹದ ಸಂಕೇತ ಹಿಡಿದು ಹೋಗಿ, ಕೊನೆಗೆ ತನ್ನ ಕ್ಯಾಮೆರಾಗೆ ಕಂಡದ್ದನ್ನ ಮೊದಲೇ ತುಂಬಿಸಿದ ಚಿತ್ರದ ಜೊತೆ ಹೋಲಿಸಿಕೊಳ್ಳುತ್ತೆ. ಮೋಡದ ಕಾಟ ಬಹಳಷ್ಟು ತಪ್ಪಿತು, ಆದರೆ ಕೆಲಸವೆಲ್ಲ ಹಾರೋ ಮುಂಚಿನ ರಾತ್ರಿಗೆ ಬಂತು. ಅಕ್ಷಾಂಶ, ರೇಖಾಂಶ, ಚಿತ್ರ ಎಲ್ಲ ತುಂಬಿಸಿ, ಆಮೇಲೆ ಗುರಿಯ ಎತ್ತರವನ್ನ ಮತ್ತೊಂದು ಸಲ ನೋಡಬೇಕು.