ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ

ಕೇಳುಗರಿಗೆ ನಮಸ್ಕಾರ. ಹಾಲು, ಕಾಲು, ಸಾಲು, ಪಾಲು. ಈ ನಾಲ್ಕು ಪದಗಳನ್ನು ನೀವೂ ಒಮ್ಮೆ ನಿಧಾನವಾಗಿ ಹೇಳಿಕೊಳ್ಳಿ. ನಾಲ್ಕರಲ್ಲೂ ‘ಆಲು’ ಒಂದೇ. ಬೇರೆಯಾಗಿರುವುದು ಮೊದಲಿಗೆ ಬರುವ ಹ, ಕ, ಸ, ಪ ಎಂಬ ಸಣ್ಣ ಉಸಿರಿನ ಚೂರು ಮಾತ್ರ. ಮನೆಯ ಹಿರಿಯರು “ಸದ್ದೇನೋ ಕೇಳುತ್ತೆ, ಏನಂದಿರಿ ಅಂತ ತಿಳಿಯೋಲ್ಲ” ಎನ್ನುತ್ತಾರಲ್ಲ, ಅವರ ಕೈತಪ್ಪಿರುವುದು ಈ ಚೂರೇ. ಅವರನ್ನು “ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ” ಎಂದು ಆಡಿಕೊಳ್ಳುವುದು ದೊಡ್ಡ ಅನ್ಯಾಯ.

ಸದ್ದು ಸುಮಾರು 2.5 ಸೆಂಟಿಮೀಟರ್ ಉದ್ದದ ಕಿವಿಯ ಕೊಳವೆ ದಾಟಿ ಕಿವಿತಮಟೆಗೆ ಬಡಿಯುತ್ತದೆ. ತಮಟೆಯ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮೂರು ಮೂಳೆಗಳಿವೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ಒಳಗಿವಿಯಲ್ಲಿರುವುದು ದ್ರವ; ಗಾಳಿಯ ಸದ್ದು ನೇರವಾಗಿ ಅದಕ್ಕೆ ತಾಗಿದರೆ ಬಹುಪಾಲು ಹಿಂದಕ್ಕೆ ಪುಟಿದುಬಿಡುತ್ತದೆ. ಕೆರೆಯಲ್ಲಿ ಮುಳುಗು ಹಾಕಿದವರಿಗೆ ದಡದ ಮಾತು ಕೇಳಿಸದಿರುವುದು ಇದಕ್ಕೇ. ತಮಟೆ ಅಗಲ, ರಿಕಾಪಿನ ಪಾದ ಚಿಕ್ಕದು. ಅಗಲದಲ್ಲಿ ಬಿದ್ದ ಒತ್ತಡ ಚಿಕ್ಕ ಜಾಗಕ್ಕೆ ಸೇರಿ ಸುಮಾರು 20 ಪಟ್ಟು ಬಲವಾಗುತ್ತದೆ. ಗುಗ್ಗೆ ಗಟ್ಟಿಯಾದರೆ, ತಮಟೆ ತೂತಾದರೆ, ಕಿವಿ ಸೋರಿ ಸೋರಿ ಮೂಳೆ ಸವೆದರೆ ಎಲ್ಲ ಸದ್ದೂ ಸಣ್ಣಗಾಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧ ಅಥವಾ ಶಸ್ತ್ರಚಿಕಿತ್ಸೆ ಉಂಟು. ಹೇರ್‌ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಮಾತ್ರ ಬೇಡ.

ಹಿರಿಯರ ತೊಂದರೆ ಸಾಮಾನ್ಯವಾಗಿ ಇದಕ್ಕಿಂತ ಒಳಗಿನದು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಇದೆ. ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರ್. ಹಾರ್ಮೋನಿಯಂ ಮನೆಗಳ ಹಾಗೆ ಅದರಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಜಾಗ: ಬುಡದಲ್ಲಿ ಕೀರಲು ಸದ್ದು, ತುದಿಯಲ್ಲಿ ಮಂದ್ರ. ಉದ್ದಕ್ಕೂ ಕೂದಲುಕೋಶಗಳ ಸಾಲು. ಒಳಸಾಲಿನ ಸುಮಾರು 3,500 ಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊರಸಾಲುಗಳ ಸುಮಾರು 12,000 ಕೋಶಗಳು ತಾವೇ ಹಿಗ್ಗಿ ಕುಗ್ಗಿ ಮೆಲ್ಲನೆಯ ಸದ್ದನ್ನು ಎತ್ತಿಕೊಡುತ್ತವೆ. ಸತ್ತ ಕೂದಲುಕೋಶ ಕೋಳಿಯ ಕಿವಿಯಲ್ಲಿ ಮತ್ತೆ ಬೆಳೆಯುತ್ತದೆ, ಮನುಷ್ಯನಲ್ಲಿ ಬೆಳೆಯುವುದಿಲ್ಲ.

ವಯಸ್ಸು, ಗದ್ದಲ, ಸೋಂಕಿಗೆ ಕೊಡುವ ಜೆಂಟಾಮೈಸಿನ್ ಮತ್ತು ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್‌ನಂಥ ಔಷಧಗಳು ಹೆಚ್ಚಾಗಿ ಬುಡದ ಕಡೆಯ ಕೋಶಗಳನ್ನೇ ಮೊದಲು ಕೆಡಿಸುತ್ತವೆ. ‘ಆ’ದಂಥ ಸ್ವರಾಕ್ಷರಗಳ ಬಲ ಹೆಚ್ಚಾಗಿ ಮಂದ್ರದ ಕಡೆಯ ಕಂಪನಗಳಲ್ಲಿದೆ. ‘ಸ’ಕಾರದ ಬಲ ಸೆಕೆಂಡಿಗೆ 4,000 ಕಂಪನ, ಅಂದರೆ 4,000 ಹರ್ಟ್ಜ್‌ಗಿಂತ ಮೇಲೆ. ಹಾಗಾಗಿ ‘ಆಲು’ ಉಳಿಯುತ್ತದೆ, ತಲೆಯಕ್ಷರ ಹಾರಿಹೋಗುತ್ತದೆ. ಆಗ ನಾವು ಕಿರುಚುತ್ತೇವೆ. ಕಿರುಚಿದಾಗ ಏರುವುದು ಮುಖ್ಯವಾಗಿ ‘ಆ’. “ಯಾಕೆ ಹಾಗೆ ಅರಚ್ತೀಯಾ, ನಾನೇನು ಕಿವುಡಿಯೇ?” ಎಂದು ಅಜ್ಜಿ ಸಿಟ್ಟಾಗುವುದಕ್ಕೂ ಕಾರಣವಿದೆ: ಹೊರಸಾಲು ಸತ್ತ ಕಿವಿಗೆ ಮೆಲುದನಿ ಕೇಳಿಸದು, ಆದರೆ ಗಟ್ಟಿ ದನಿ ನಮಗೆ ಕೇಳುವಷ್ಟೇ ಗಟ್ಟಿಯಾಗಿ ಕೇಳುತ್ತದೆ.

ಇನ್ನು ಮಿದುಳು. ಎಡದಿಂದ ಬಂದ ಸದ್ದು ಬಲಗಿವಿಯನ್ನು ಮುಟ್ಟುವುದು ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ. ಮಿದುಳಕಾಂಡ ಆ ವ್ಯತ್ಯಾಸವನ್ನೇ ಅಳೆದು ದಿಕ್ಕು ಹೇಳುತ್ತದೆ, ಜನಜಂಗುಳಿಯಲ್ಲಿ ಒಬ್ಬರ ಮಾತನ್ನು ಬೇರ್ಪಡಿಸಲು ನೆರವಾಗುತ್ತದೆ. ಮಿದುಳಿನ ಪಕ್ಕೆಯ ಶ್ರವಣ ಭಾಗ ಬಿಟ್ಟುಹೋದ ಅಕ್ಷರವನ್ನು ಸಂದರ್ಭ ನೋಡಿ ತುಂಬಿಕೊಳ್ಳುತ್ತದೆ, “ಲೋಟದಲ್ಲಿ...ಆಲು” ಎಂದರೆ ಹಾಲೇ ಸರಿ. ದಿನವಿಡೀ ಹೀಗೆ ಊಹಿಸುತ್ತಿರುವುದು ದಣಿಸುವ ಕೆಲಸ. ಮದುವೆ ಮನೆಯಲ್ಲಿ ಹಿರಿಯರು ಊಟ ಮುಗಿದೊಡನೆ ಮೂಲೆ ಹಿಡಿದು ಕೂರುವುದನ್ನು ಬಿಗುಮಾನ ಎಂದುಕೊಳ್ಳಬೇಡಿ.

ಮೊದಲು ಆಡಿಯೋಗ್ರಾಂ ಮಾಡಿಸಿ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ದೊಡ್ಡ ಆಸ್ಪತ್ರೆಗಳ ಕಿವಿ ವಿಭಾಗದಲ್ಲಿ ಇದು ಆಗುತ್ತದೆ. ಒಮ್ಮೆ ಹೆಡ್‌ಫೋನಿನಿಂದ, ಒಮ್ಮೆ ಕಿವಿಯ ಹಿಂದಿನ ಮೂಳೆಯಿಂದ ಸದ್ದು ಕೊಟ್ಟು ದೋಷ ಹೊರಗೋ ಒಳಗೋ ಎಂದು ತಿಳಿಯುತ್ತಾರೆ. ಶ್ರವಣ ಸಾಧನವನ್ನು ಆ ನಕ್ಷೆಗೆ ಹೊಂದಿಸಬೇಕು; ನೆರೆಮನೆಯವರದನ್ನು ತಂದು ಹಾಕಿಕೊಂಡರೆ ಕೆಲಸಕ್ಕೆ ಬಾರದು. ಎರಡೂ ಕಿವಿ ಕೆಟ್ಟಿದ್ದರೆ ಎರಡಕ್ಕೂ ಹಾಕಿಸುವುದೇ ಮೇಲು. ಮೊದಲ ವಾರ ತಟ್ಟೆಯ ಸದ್ದು, ಫ್ಯಾನಿನ ಸದ್ದೂ ಹಿಂಸೆ ಎನಿಸುತ್ತದೆ. ಮಿದುಳು ಅವನ್ನು ಮರೆತೇಬಿಟ್ಟಿರುತ್ತದೆ. ಮೌನದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ, ಕೆಲವು ವಾರಗಳಲ್ಲಿ ದಿನವಿಡೀ ಹಾಕುವಂತೆ ಏರಿಸಿ. ಡ್ರಾಯರಿನಲ್ಲಿ ಮಲಗಿದ ಸಾಧನಗಳು ಬಹಳ ಸಲ ಈ ಮೊದಲ ವಾರಗಳಲ್ಲೇ ಕೈಬಿಟ್ಟವು.

ಗದ್ದಲದಲ್ಲಿ ದುಡಿಯುವವರಿಗೆ ಒಂದು ಲೆಕ್ಕ: ಸದ್ದಿನ ಗಟ್ಟಿತನ 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ. 100ಕ್ಕೆ ಮುಟ್ಟಿದರೆ 15 ನಿಮಿಷವಷ್ಟೇ.

ಒಂದು ಕಿವಿ ಬೆಳಗಾಗುವುದರೊಳಗೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ನೆಗಡಿ, ಗುಗ್ಗೆ ಎಂದು ಕಾಯಬೇಡಿ. ಅಂದೇ ಕಿವಿ ವೈದ್ಯರನ್ನು ಕಾಣಿ. ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಫಲ ಹೆಚ್ಚು.

ಮನೆಯಲ್ಲಿ ಮಾತಾಡುವಾಗ ಮಿಕ್ಸಿ, ಟಿ.ವಿ. ನಿಲ್ಲಿಸಿ. ಅಡುಗೆಮನೆಯಿಂದ ಕೂಗದೆ ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಒಂದು ಮೀಟರ್ ದೂರದಲ್ಲಿ ನಿಂತು ಎಂದಿನ ದನಿಯಲ್ಲೇ ಬಿಡಿಸಿ ಹೇಳಿ. “ಹಾಲು ಬೇಕಾ?” ಎಂದದ್ದು ತಿಳಿಯದಿದ್ದರೆ ಅದನ್ನೇ ಮತ್ತೆ ಕೂಗಬೇಡಿ, “ಅಮ್ಮಾ, ಕುಡಿಯೋದಕ್ಕೆ ಬಿಸಿ ಹಾಲು ತರಲಾ?” ಎಂದು ಕೇಳಿ.