ಗೋಡೆಯೊಳಗಿನ ತೂತು

ಎಲ್ಲರಿಗೂ ನಮಸ್ಕಾರ. ಈ ಸೀಸೆಯಲ್ಲಿರುವ ಬಿಳಿ ಪುಡಿ ನೋಡೋಕೆ ಟಾಲ್ಕಂ ಪೌಡರ್ ಥರ ಇದೆ, ಅಲ್ವಾ? ಇದರ ಒಂದೇ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 600ರಿಂದ 900 ಚದರ ಮೀಟರ್ ಆಗುತ್ತದೆ. ಹೆಸರು ಎಸ್‌ಬಿಎ-15, ಮರಳಿನಲ್ಲಿರುವ ಸಿಲಿಕಾದಿಂದಲೇ ಆದದ್ದು, ಒಳಗೆಲ್ಲ ಸಣ್ಣ ಸಣ್ಣ ಕೊಳವೆಗಳು. 1998ರಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದನ್ನು ಪ್ರಕಟಿಸಿದರು. ಎಸ್‌ಬಿ ಅಂದರೆ ಆ ಊರೇ.

ಎರಕ ಹುಯ್ಯುವವರು ಮೇಣದ ಅಚ್ಚಿಗೆ ಮಣ್ಣು ಮೆತ್ತಿ, ಆಮೇಲೆ ಮೇಣ ಕರಗಿಸಿ ತೆಗೆಯುತ್ತಾರಲ್ಲ, ಇಲ್ಲೂ ಅದೇ ಉಪಾಯ. ಆದರೆ ಅಚ್ಚನ್ನು ಯಾರೂ ಕೆತ್ತುವುದಿಲ್ಲ. ಅದು ತಾನೇ ಕಟ್ಟಿಕೊಳ್ಳುತ್ತದೆ.

ಅಚ್ಚಾಗುವುದು ಪಿ123 ಅನ್ನುವ ಪಾಲಿಮರ್, ಅಂದರೆ ಸರಪಳಿಯಂಥ ಉದ್ದ ಅಣುಗಳ ವಸ್ತು. ಚಮಚಕ್ಕೆ ಮೆತ್ತಿಕೊಂಡರೆ ಬಿಡದ ಅಂಟು ಪೇಸ್ಟ್. ಒಂದೊಂದು ಸರಪಳಿಯಲ್ಲೂ ಮೂರು ತುಂಡು. ನಡುವಿನದಕ್ಕೆ ನೀರು ಕಂಡರಾಗದು, ಎರಡು ತುದಿಗಳಿಗೆ ನೀರೇ ಬೇಕು. ಬೇಗ ಕರಗಲಿ ಅಂತ ಹೊಸಬರು ನೀರು ಬಿಸಿ ಮಾಡುತ್ತಾರೆ. ನಾನೂ ಮಾಡಿದ್ದೆ. ಇದು ಉಲ್ಟಾ ಗಿರಾಕಿ, ತಣ್ಣೀರಲ್ಲೇ ಚೆನ್ನಾಗಿ ಕರಗುತ್ತದೆ. ಬಿಸಿ ಏರಿದಂತೆ ನಡುವಿನ ತುಂಡುಗಳು ನೀರಿಂದ ತಪ್ಪಿಸಿಕೊಂಡು ಒಟ್ಟು ಸೇರುತ್ತವೆ. ತುದಿಗಳು ಹೊರಗೆ ಕೂದಲಿನ ಹಾಗೆ ಹರಡಿಕೊಳ್ಳುತ್ತವೆ. ಈ ಗುಂಪಿಗೆ ಮೈಸೆಲ್ ಅಂತ ಹೆಸರು.

ಜೋರು ಆಮ್ಲದ ಈ ದ್ರಾವಣಕ್ಕೆ 35-40 ಡಿಗ್ರಿಯಲ್ಲಿ ಟಿಇಒಎಸ್ ಅನ್ನುವ ಸಿಲಿಕಾನ್ ಇರುವ ದ್ರವ ಸುರಿಯುತ್ತೇವೆ. ಅದರಿಂದ ಬರುವ ಸಿಲಿಕಾ ಆ ಕೂದಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ಬೀಕರ್ ತಿಳಿಯಾಗಿರುತ್ತದೆ. ಸ್ವಲ್ಪ ಹೊತ್ತಿಗೆ ನೋಡನೋಡುತ್ತಲೇ ಹಾಲಿನಷ್ಟು ಬೆಳ್ಳಗಾಗುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆಗೆ ನಾನು ಕೈಕಟ್ಟಿ ನಿಂತು ನೋಡುತ್ತೇನೆ. ಒಳಗೆ ಮೈಸೆಲ್‌ಗಳು ಉದ್ದ ಕೋಲುಗಳಾಗಿ, ಜೇನುಗೂಡಿನ ಕೋಣೆಗಳ ಹಾಗೆ ಜೋಡಿಸಿಕೊಳ್ಳುತ್ತಿರುತ್ತವೆ. ಒಂದು ದಿನ ಕಲಕಿ, ಇನ್ನೊಂದು ದಿನ ಮುಚ್ಚಿದ ಪಾತ್ರೆಯಲ್ಲಿ 100 ಡಿಗ್ರಿ ಹತ್ತಿರ ಇಟ್ಟು, ಸೋಸಿ ಒಣಗಿಸಬೇಕು. ಕೊನೆಗೆ ಕುಲುಮೆಯಲ್ಲಿ ನಿಧಾನವಾಗಿ 500-550 ಡಿಗ್ರಿಗೆ ಏರಿಸಿದರೆ ಪಾಲಿಮರ್ ಸುಟ್ಟು ಹೋಗುತ್ತದೆ. ಕೋಲಿದ್ದ ಕಡೆ ಕೊಳವೆ ಉಳಿಯುತ್ತದೆ.

1992ರಲ್ಲೇ ಮೊಬಿಲ್ ಕಂಪನಿಯವರು ಸಾಬೂನಿನಂಥ ಸಣ್ಣ ಅಣುಗಳಿಂದ ಎಂಸಿಎಂ-41 ಅನ್ನುವ ಇಂಥದೇ ಕೊಳವೆಗಳ ಸಿಲಿಕಾ ಮಾಡಿದ್ದರು. ಅದರ ಕೊಳವೆಗಳ ನಡುವಿನ ಗೋಡೆ ಬರೀ ಒಂದು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಸುಪಾಸು. ಎಸ್‌ಬಿಎ-15ರದ್ದು 3ರಿಂದ 6. ಹಾಗಾಗಿ ಬಿಸಿನೀರು, ಹಬೆಗೆ ಇದು ಜಾಸ್ತಿ ತಡೆಯುತ್ತದೆ.

ಗೋಡೆ ದಪ್ಪ, ಸರಿ. ಆದರೆ ಒಂದೂ ತೂತಿಲ್ಲದ ಗೋಡೆಯಾ? ಆ ಕೂದಲು ನೆನಪಿದೆಯಲ್ಲ, ಅದು ಸಿಲಿಕಾದೊಳಗೇ ಹೂತುಹೋಗಿತ್ತು. ಅದೂ ಸುಟ್ಟು ಗೋಡೆಯಲ್ಲೆಲ್ಲ ಪುಟ್ಟ ತೂತುಗಳಾಗುತ್ತವೆ, ಕೊಳವೆಯಿಂದ ಕೊಳವೆಗೆ ದಾರಿ. ಇದಕ್ಕೆ ಸಾಕ್ಷಿ ಏನು ಅಂತ ಕೇಳಬಹುದು. 2000ದಲ್ಲಿ ಕೊರಿಯಾದ ರ್ಯೋಂಗ್ ರ್ಯೂ ತಂಡ ಈ ಕೊಳವೆಗಳಿಗೆ ಸಕ್ಕರೆ ತುಂಬಿ, ಗಾಳಿ ತಾಗದಂತೆ ಕಾಯಿಸಿ ಇಂಗಾಲ ಮಾಡಿತು. ಆಮೇಲೆ ಸಿಲಿಕಾವನ್ನೇ ಕರಗಿಸಿ ತೆಗೆಯಿತು. ಗೋಡೆಯಲ್ಲಿ ತೂತಿಲ್ಲದಿದ್ದರೆ ಇಂಗಾಲದ ಕಡ್ಡಿಗಳು ಬಿಡಿಬಿಡಿಯಾಗಿ ಕುಸಿಯಬೇಕಿತ್ತು. ಕುಸಿಯಲಿಲ್ಲ. ಗೋಡೆಯ ತೂತುಗಳಲ್ಲೂ ಇಂಗಾಲ ಬೆಳೆದು, ಕಡ್ಡಿ ಕಡ್ಡಿಯನ್ನು ಹಿಡಿದು ನಿಲ್ಲಿಸಿತ್ತು.